ಥಿನ್ನರ್ ವಾಸನೆಗೆ ಕ್ವಾರ್ಟರ್ ಮದ್ದಲ್ಲ

ಪೇಂಟಿಂಗ್ ಕೆಲಸಕ್ಕೆ ಹೋಗುವವರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ. "ದಿನವೆಲ್ಲ ಥಿನ್ನರ್ ವಾಸ್ನೆ ಕುಡಿದಿರ್ತೀವಿ, ಸಾಯಂಕಾಲ ಒಂದು ಕ್ವಾರ್ಟರ್ ಹಾಕಿದ್ರೆ ಎಲ್ಲಾ ಇಳಿದು ಹೋಗುತ್ತೆ." ಬಾಗಿಲಿಗೆ ಪಾಲಿಶ್ ಹೊಡೆಯುವವರೂ ಇದನ್ನೇ ಹೇಳುತ್ತಾರೆ, ಗ್ಯಾರೇಜಿನಲ್ಲಿ ಸ್ಪ್ರೇ ಗನ್ ಹಿಡಿಯುವವರೂ ಇದನ್ನೇ ಹೇಳುತ್ತಾರೆ. ಇದಕ್ಕೆ ಜೋಡಿಯಾಗಿ ಇನ್ನೊಂದು ಮಾತಿದೆ: "ಕುಡಿಯೋ ಅಭ್ಯಾಸ ಇರೋನಿಗೆ ವಾಸ್ನೆ ತಡ್ಕೊಳ್ಳೋ ಶಕ್ತಿ ಬರುತ್ತೆ."

ತುಮಕೂರು ಜಿಲ್ಲೆಯ ನಮ್ಮ ಭಾಗದಿಂದ ಬೆಂಗಳೂರಿಗೆ ಪೇಂಟ್ ಕೆಲಸಕ್ಕೆ ಹೋಗುವ ಹುಡುಗರು ಬಹಳ. ನಮ್ಮೂರಲ್ಲೇ ನನ್ನ ಜೊತೆ ಓದಿದ ನಾಲ್ಕೈದು ಮಂದಿ ಇದ್ದಾರೆ. ವರದಿಗೆ ಅಂತ ಊರೂರು ಸುತ್ತುವಾಗ ಈ ಎರಡು ಮಾತು ಎಷ್ಟು ಸಲ ಕಿವಿಗೆ ಬಿದ್ದವೋ ಲೆಕ್ಕವಿಲ್ಲ. ಹಾಗಾಗಿ ಇದರಲ್ಲಿ ನಿಜ ಎಷ್ಟು ಅಂತ ಓದಿದೆ, ಗೊತ್ತಿರುವ ವೈದ್ಯರನ್ನು ಕೇಳಿದೆ. ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಕುಡಿಯಬೇಡಿ ಅಂತ ಭಾಷಣ ಮಾಡುವುದು ನನ್ನ ಉದ್ದೇಶವಲ್ಲ. ಆ ಭಾಷಣವನ್ನು ನೀವು ಸಾಕಷ್ಟು ಕೇಳಿದ್ದೀರಿ.

ಥಿನ್ನರ್ ಮೈಯೊಳಗೆ ಹೋದ ಮೇಲೆ

ಥಿನ್ನರ್ ಅಂದರೆ ಒಂದೇ ವಸ್ತುವಲ್ಲ. ಟಾಲ್ವಿನ್, ಕ್ಸೈಲೀನ್, ಅಸಿಟೋನ್ ಇಂಥ ಹಲವು ದ್ರಾವಕಗಳ ಮಿಶ್ರಣ. ಕೆಲವು ಎನ್‌ಸಿ ಥಿನ್ನರ್‌ಗಳಲ್ಲಿ ಮೆಥನಾಲ್ ಕೂಡ ಇರುತ್ತದೆ. ನೀರು ಬೆರೆಸಿ ಹೊಡೆಯುವ ಡಿಸ್ಟೆಂಪರ್, ಎಮಲ್ಷನ್‌ಗಳಲ್ಲಿ ಈ ಕಾಟ ಕಡಿಮೆ. ಎನಾಮಲ್, ವಾರ್ನಿಷ್, ಲ್ಯಾಕರ್, ಮೆಲಮೈನ್ ಪಾಲಿಶ್‌ಗಳಲ್ಲಿ ಹೆಚ್ಚು.

ಪೇಂಟ್ ಒಣಗುತ್ತದೆ ಅಂದರೆ ಅದರೊಳಗಿನ ಥಿನ್ನರ್ ಗಾಳಿಗೆ ಹೋಯಿತು ಅಂತ ಅರ್ಥ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಗಾಳಿಯನ್ನೇ ನಾವು ಉಸಿರಾಡುತ್ತೇವೆ. ಅದು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವುದಕ್ಕೆ ಕೆಲವೇ ನಿಮಿಷ ಸಾಕು. ತಲೆ ಗಿಮ್ ಅನ್ನುವುದು ಅದಕ್ಕೇ. ಸ್ವಲ್ಪ ಭಾಗ ಉಸಿರಿನಲ್ಲೇ ವಾಪಸ್ ಹೋಗುತ್ತದೆ. ಉಳಿದದ್ದು ಮೂತ್ರದಲ್ಲಿ ಹೋಗಬೇಕು. ಆದರೆ ಟಾಲ್ವಿನ್, ಕ್ಸೈಲೀನ್‌ನಂಥವು ಎಣ್ಣೆ ಜಾತಿಯವು, ನೀರಿನಲ್ಲಿ ಹೆಚ್ಚು ಕರಗುವುದಿಲ್ಲ. ಅದಕ್ಕೇ ಲಿವರ್ ಇವುಗಳ ರೂಪ ಬದಲಿಸಿ, ನೀರಿನಲ್ಲಿ ಕರಗುವ ಹಾಗೆ ಮಾಡಿ ಕಳಿಸಬೇಕು. ಈ ಕೆಲಸವನ್ನು ಮಾಡುವುದು ಲಿವರ್‌ನೊಳಗಿನ ಎನ್‌ಜೈಮ್‌ಗಳು, ಅಂದರೆ ಕಿಣ್ವಗಳು. ಕುಡಿದ ಹೆಂಡವೂ ಇದೇ ಲಿವರ್‌ಗೆ ಬರುತ್ತದೆ. ಸಮಸ್ಯೆ ಶುರುವಾಗುವುದು ಅಲ್ಲಿ.

ಒಂದು ಹಿಟ್ಟಿನ ಗಿರಣಿ

ಲಿವರನ್ನು ಊರಿನ ಹಿಟ್ಟಿನ ಗಿರಣಿ ಅಂದುಕೊಳ್ಳಿ. ಅಲ್ಲಿ ಎರಡು ಮಿಷನ್ ಇವೆ. ದೊಡ್ಡದು ರಾಗಿಗೆ, ಚಿಕ್ಕದು ಮೆಣಸಿನಕಾಯಿಗೆ. ಹೆಂಡವೇ ರಾಗಿ. ಸ್ವಲ್ಪ ಬಂದರೆ ದೊಡ್ಡ ಮಿಷನ್ನೇ ಮುಗಿಸುತ್ತದೆ. ಥಿನ್ನರ್ ಮೆಣಸಿನಕಾಯಿ ಇದ್ದ ಹಾಗೆ, ಅದು ಚಿಕ್ಕ ಮಿಷನ್‌ಗೆ ಹೋಗುತ್ತದೆ. ಆ ಚಿಕ್ಕ ಮಿಷನ್‌ಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಸಿವೈಪಿ 2ಇ1.

ರಾಗಿ ಮೂಟೆ ಮೂಟೆ ಬಂದರೆ ಏನಾಗುತ್ತದೆ? ದೊಡ್ಡ ಮಿಷನ್‌ಗೆ ಸಾಲದೆ ಚಿಕ್ಕ ಮಿಷನ್‌ಗೂ ರಾಗಿ ಸುರಿಯುತ್ತಾರೆ. ಹೆಂಡವನ್ನು ಕರಗಿಸಲು ಲಿವರ್‌ನಲ್ಲಿ ಹೀಗೆ ಎರಡನೇ ದಾರಿಯೊಂದಿದೆ, ದಿನಾ ಕುಡಿಯುವವರಲ್ಲಿ ಅದು ಬೆಳೆಯುತ್ತದೆ ಅಂತ 1968ರಲ್ಲಿ ಅಮೆರಿಕದ ಚಾರ್ಲ್ಸ್ ಲೀಬರ್ ಮತ್ತು ಲಿಯೊನೋರ್ ಡಿಕಾರ್ಲಿ ತೋರಿಸಿದರು. ದಿನಾ ರಾಗಿ ಹೆಚ್ಚು ಬರುತ್ತಿದ್ದರೆ ಗಿರಣಿಯವನು ಚಿಕ್ಕ ಮಿಷನ್‌ಗಳನ್ನೇ ಇನ್ನೂ ನಾಲ್ಕು ತಂದು ಕೂರಿಸುತ್ತಾನಲ್ಲ, ಲಿವರ್ ಕೂಡ ಹಾಗೇ ಮಾಡುತ್ತದೆ.

ಇದಕ್ಕೆ ವರ್ಷಗಟ್ಟಲೆ ಕುಡಿಯಬೇಕಿಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ದಿನಕ್ಕೆ 40 ಗ್ರಾಂ ಆಲ್ಕೋಹಾಲ್ ಕೊಟ್ಟು ನೋಡಿದರು. ಒಂದೇ ವಾರದಲ್ಲಿ ಈ ಕಿಣ್ವದ ಕೆಲಸ ಹೆಚ್ಚಿತ್ತು, ನಾಲ್ಕು ವಾರಕ್ಕೆ ಇನ್ನೂ ಹೆಚ್ಚಿತ್ತು. 40 ಗ್ರಾಂ ಅಂದರೆ ಎಷ್ಟು ಗೊತ್ತಾ? ನಮ್ಮಲ್ಲಿ ಸಿಗುವ 180 ಎಂಎಲ್ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಕ್ವಾರ್ಟರ್‌ನ ಮೂರನೇ ಎರಡು ಭಾಗ ಸಾಕಾಯಿತು.

ಎರಡು ಕಡೆಯಿಂದಲೂ ಪೆಟ್ಟು

ಈಗ ಕೆಲಸ ಮುಗಿಸಿ ನೇರವಾಗಿ ಬಾರ್‌ಗೆ ಹೋದ ಪೇಂಟರ್‌ನ ವಿಷಯ ನೋಡೋಣ. ಅವನ ರಕ್ತದಲ್ಲಿ ಮಧ್ಯಾಹ್ನದ ಥಿನ್ನರ್ ಇನ್ನೂ ಇದೆ. ಅದರ ಮೇಲೆ ಹೆಂಡ ಬಂತು. ಮಿಷನ್‌ಗಳೆಲ್ಲ ರಾಗಿಗೆ ಹೋದವು. ಮೆಣಸಿನಕಾಯಿ ಚೀಲ ಸಾಲಿನಲ್ಲೇ ಕೂತಿತು. ಅಂದರೆ ಥಿನ್ನರ್ ರಕ್ತದಲ್ಲೇ, ಮಿದುಳಿನಲ್ಲೇ ಹೆಚ್ಚು ಹೊತ್ತು ಉಳಿಯಿತು. ಫಿನ್‌ಲೆಂಡ್‌ನಲ್ಲಿ 1982ರ ಸುಮಾರಿಗೆ ಸ್ವಯಂಸೇವಕರಿಗೆ ಮೊದಲು ಆಲ್ಕೋಹಾಲ್ ಕುಡಿಸಿ ಆಮೇಲೆ ಕ್ಸೈಲೀನ್ ಗಾಳಿ ಉಸಿರಾಡಿಸಿದಾಗ, ಅವರ ರಕ್ತದಲ್ಲಿ ಕ್ಸೈಲೀನ್ ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿತ್ತು. ಕ್ವಾರ್ಟರ್ ಥಿನ್ನರನ್ನು ಇಳಿಸುವುದಿಲ್ಲ, ಹೋಗದಂತೆ ಹಿಡಿದಿಟ್ಟುಕೊಳ್ಳುತ್ತದೆ. "ಹಾಯಾಗುತ್ತೆ" ಅನ್ನಿಸುವುದು ನಿಜ. ಆದರೆ ಅದು ಎರಡು ಮತ್ತು ಸೇರಿದ ಹಾಯಿ.

ಇನ್ನೊಂದು ಪೆಟ್ಟು ಬೀಳುವುದು ಕುಡಿಯದೆ ಇರುವ ಹೊತ್ತಿನಲ್ಲಿ. ಶನಿವಾರ ಬಟವಾಡೆ ಆಯಿತು, ಶನಿವಾರ ಭಾನುವಾರ ಕುಡಿದಾಯಿತು. ಸೋಮವಾರ ಹತ್ತು ಗಂಟೆಗೆ ಕೆಲಸಕ್ಕೆ ನಿಂತಾಗ ರಕ್ತದಲ್ಲಿ ಹೆಂಡ ಖಾಲಿ. ಆದರೆ ಕೂರಿಸಿದ ಮಿಷನ್‌ಗಳು ಹಾಗೇ ಇವೆ. ರಾಗಿ ಇಲ್ಲ, ಬಂದ ಮೆಣಸಿನಕಾಯಿಯೆಲ್ಲ ಒಂದೇ ಸಲಕ್ಕೆ ಪುಡಿ. ಇಡೀ ಮೆಣಸಿನಕಾಯಿ ಕೈಯಲ್ಲಿ ಹಿಡಿದರೆ ಏನೂ ಆಗಲ್ಲ, ಪುಡಿ ಮಾಡಿದಾಗ ಗಿರಣಿಯವರೆಲ್ಲ ಕೆಮ್ಮುತ್ತಾರೆ. ಹಾಗೆಯೇ ಕೆಲವು ದ್ರಾವಕಗಳು ಲಿವರ್‌ನಲ್ಲಿ ರೂಪ ಬದಲಿಸಿದ ಮೇಲೆಯೇ ಹೆಚ್ಚು ವಿಷವಾಗುತ್ತವೆ.

ಎಲ್ಲವೂ ಹೀಗಲ್ಲ, ಅದನ್ನೂ ಹೇಳಬೇಕು. ಟಾಲ್ವಿನ್ ವಿಷಯದಲ್ಲಿ ಲಿವರ್ ಮಾಡುವ ಬದಲಾವಣೆ ಬಹುಮಟ್ಟಿಗೆ ಒಳ್ಳೆಯದೇ, ಅದು ತಡವಾಗುವುದೇ ತೊಂದರೆ. ಆದರೆ ಬೆಂಜೀನ್ ಮೂಳೆಯ ಮಜ್ಜೆಗೆ ಮಾಡುವ ಹಾನಿ ಬರುವುದು ಈ ಕಿಣ್ವ ಅದನ್ನು ಬದಲಿಸಿದ ನಂತರ ಹುಟ್ಟುವ ವಸ್ತುಗಳಿಂದ. ಬೆಂಜೀನ್ ಎಲ್ಲಿದೆ ಅಂತ ದೂರ ಹುಡುಕಬೇಕಿಲ್ಲ. ಈಗಿನ ಬಿಎಸ್-6 ಪೆಟ್ರೋಲಿನಲ್ಲಿ 1 ಶೇಕಡಾದವರೆಗೆ ಇರಬಹುದು ಅಂತ ನಿಯಮವೇ ಇದೆ. ಕೈಗೆ ಹತ್ತಿದ ಬಣ್ಣವನ್ನು, ಗ್ರೀಸನ್ನು ಪೆಟ್ರೋಲಿನಲ್ಲಿ ತೊಳೆಯುವವರು ಇದನ್ನು ನೆನಪಿಡಬೇಕು.

ಇದರ ಅತಿ ಹಳೆಯ ಪಾಠ ಕಾರ್ಬನ್ ಟೆಟ್ರಾಕ್ಲೋರೈಡ್‌ನದು. ಹಿಂದೆ ಅದನ್ನು ಬಟ್ಟೆಯ ಡ್ರೈಕ್ಲೀನಿಂಗ್‌ಗೆ, ಬೆಂಕಿ ಆರಿಸುವ ಸಿಲಿಂಡರ್‌ಗೆ ಬಳಸುತ್ತಿದ್ದರು. ಒಂದೇ ಜಾಗದಲ್ಲಿ ಅದೇ ಗಾಳಿ ಕುಡಿದವರಲ್ಲಿ ಉಳಿದವರಿಗೆ ತಲೆನೋವು ಬಂದು ಹೋದರೆ, ಕುಡಿತದ ಅಭ್ಯಾಸ ಇದ್ದವರಿಗೆ ಲಿವರ್ ಮತ್ತು ಕಿಡ್ನಿ ಕೆಡುತ್ತಿದ್ದವು. ಇದು ವೈದ್ಯರಿಗೆ ಕಿಣ್ವದ ಹೆಸರು ಗೊತ್ತಾಗುವುದಕ್ಕೆ ಮುಂಚೆಯೇ ಕಂಡಿತ್ತು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್‌ನದು ಇನ್ನೊಂದು ಬಗೆ. ಅದರಲ್ಲಿ ದುಡಿದು ಸಂಜೆ ಬಿಯರ್ ಕುಡಿದವರ ಮುಖ, ಕಿವಿ, ಕುತ್ತಿಗೆ ಅರ್ಧ ಗಂಟೆಯಲ್ಲಿ ಕೆಂಪು ಮಚ್ಚೆ ಮಚ್ಚೆಯಾಗುತ್ತಿತ್ತು. 1974ರಲ್ಲಿ ಅಮೆರಿಕದ ವೈದ್ಯರು ಇದನ್ನು ಬರೆದಿಟ್ಟರು.

ಆದರೆ ಒಂದು ಕಡೆ ಈ ಸಾಲು ನಿಲ್ಲಿಸುವುದು ಜೀವ ಉಳಿಸುತ್ತದೆ. ಅದು ಮೆಥನಾಲ್. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿ ದುರಂತ ಹಿರಿಯರಿಗೆ ನೆನಪಿರುತ್ತದೆ. ಮೆಥನಾಲ್ ಕೂಡ ಬದಲಾದ ಮೇಲೆಯೇ ಕಣ್ಣು ತೆಗೆಯುವ ವಿಷವಾಗುವುದು, ಮತ್ತು ಅದನ್ನು ಬದಲಿಸುವುದು ನಾವು ಹೇಳಿದ ದೊಡ್ಡ ಮಿಷನ್. ಅದಕ್ಕೇ ಆಸ್ಪತ್ರೆಯಲ್ಲಿ ಅಳತೆ ಮಾಡಿ ಶುದ್ಧ ಎಥನಾಲ್ ಕೊಟ್ಟು ಆ ಮಿಷನ್ ಅನ್ನು ತುಂಬಿಸಿಡುವ ಚಿಕಿತ್ಸೆ ಇದೆ. ಇದು ಡಯಾಲಿಸಿಸ್ ಜೊತೆಗೆ ವೈದ್ಯರು ಮಾಡುವ ಕೆಲಸ. ಇದನ್ನು ಕೇಳಿ ಯಾರೂ ಮನೆಯಲ್ಲಿ ಮದ್ದು ಮಾಡಲು ಹೋಗಬೇಡಿ.

"ವೃತ್ತಿ: ಕೂಲಿ"

ಇಷ್ಟೆಲ್ಲ ಕಿಣ್ವದ ಕತೆ ಯಾಕೆ ಬೇಕು ಅಂತ ನನಗೆ ಅರ್ಥವಾಗಿದ್ದು ಒಂದು ಡಿಸ್ಚಾರ್ಜ್ ಕಾಗದ ನೋಡಿದಾಗ. ನಮ್ಮ ಪಕ್ಕದೂರಿನ ಒಬ್ಬ ಅಣ್ಣ, ನಲವತ್ತು ದಾಟಿದವರು, ಹದಿನೆಂಟು ವರ್ಷ ಫರ್ನಿಚರ್ ಪಾಲಿಶ್ ಕೆಲಸ ಮಾಡಿದವರು. ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಆಸ್ಪತ್ರೆ ಸೇರಿ ಬಂದಿದ್ದರು. ಅವರ ಹೆಂಡತಿ ಕಾಗದ ತಂದು ನನ್ನ ಕೈಗೆ ಕೊಟ್ಟರು. ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಎಷ್ಟು ವರ್ಷದಿಂದ ಅನ್ನುವುದೆಲ್ಲ ಅದರಲ್ಲಿ ವಿವರವಾಗಿತ್ತು. ವೃತ್ತಿ ಅನ್ನುವ ಜಾಗದಲ್ಲಿ ಒಂದೇ ಪದ: ಕೂಲಿ.

"ಏನು ಕೆಲ್ಸ ಅಂತ ಯಾರಾದ್ರೂ ಕೇಳಿದ್ರಾ ಅಕ್ಕ?" ಅಂದೆ.

"ಇಲ್ಲ ಕಣಣ್ಣ. ಕುಡೀತಾರಾ ಅಂದ್ರು, ಹೂಂ ಅಂದೆ. ಆಮೇಲೆ ಏನೂ ಕೇಳ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, "ಕುಡೀತಿದ್ರು, ಅದು ನಿಜ. ನಾನು ಸುಳ್ಳು ಹೇಳಲ್ಲ. ಆದ್ರೆ ಅವ್ರಿಗಿಂತ ಜಾಸ್ತಿ ಕುಡಿಯೋರು ಊರಲ್ಲಿ ಓಡಾಡ್ಕೊಂಡವ್ರಲ್ಲ."

ಅವರ ಕಾಯಿಲೆಯಲ್ಲಿ ಹೆಂಡದ ಪಾಲೆಷ್ಟು, ಪಾಲಿಶ್‌ನ ಪಾಲೆಷ್ಟು ಅಂತ ನಾನು ಹೇಳಲಾರೆ. ಎಷ್ಟೋ ಜನರ ಲಿವರ್ ಬರೀ ಹೆಂಡದಿಂದಲೇ ಹೋಗುತ್ತದೆ. ಆದರೆ ಆ ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಹುಡುಕುವ ಪ್ರಯತ್ನವೇ ನಡೆದಿರಲಿಲ್ಲ. ಲಿವರ್ ಪರೀಕ್ಷೆಯ ಕಾಗದ ಪೆಟ್ಟು ಬಿದ್ದಿದೆ ಅಂತ ಹೇಳುತ್ತದೆ, ಹೊಡೆದವರು ಯಾರು ಅಂತ ಬರೆದಿರುವುದಿಲ್ಲ. ಟಾಲ್ವಿನ್ ಎಷ್ಟು ಒಳಗೆ ಹೋಗಿದೆ ಅಂತ ನೋಡಲು ಮೂತ್ರದಲ್ಲಿ ಹಿಪ್ಯೂರಿಕ್ ಆಸಿಡ್ ಪರೀಕ್ಷೆ ಇದೆ. ಅಲ್ಲೂ ಹೆಂಡ ಆಟವಾಡುತ್ತದೆ. ಕುಡಿದಿದ್ದರೆ ಟಾಲ್ವಿನ್ ಬದಲಾಗುವುದೇ ತಡವಾಗಿ, ಮೂತ್ರದಲ್ಲಿ ಕಡಿಮೆ ಕಾಣಬಹುದು. ರಕ್ತದಲ್ಲಿ ಹೆಚ್ಚಿದ್ದಾಗಲೇ ಕಾಗದದಲ್ಲಿ ಕಡಿಮೆ.

"ಕುಡಿದಿದ್ದಕ್ಕೋ, ಬಣ್ಣಕ್ಕೋ" ಅನ್ನುವ ಈ ಜಗಳ ನಮ್ಮ ಜಿಲ್ಲೆಯದಷ್ಟೇ ಅಲ್ಲ. 1970ರ ದಶಕದಲ್ಲಿ ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಪೇಂಟರ್‌ಗಳು ಮರೆವು, ಸಿಟ್ಟು, ಕೆಲಸದ ಮೇಲೆ ಗಮನವಿಲ್ಲದಿರುವುದು ಇಂಥ ದೂರು ಹೇಳಿಕೊಂಡು ಬರತೊಡಗಿದರು. ಇದು ಕುಡಿತದ ಫಲ ಅಂತ ವಾದಿಸಿದವರು ಅಲ್ಲೂ ಇದ್ದರು. ವರ್ಷಗಟ್ಟಲೆ ಅಧ್ಯಯನ, ವಾದ ನಡೆದ ಮೇಲೆ 1985ರಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆದ ಸಭೆ, ದ್ರಾವಕಗಳಿಂದ ಮಿದುಳಿಗೆ ಆಗುವ ದೀರ್ಘಕಾಲದ ಹಾನಿಯನ್ನು ವಿಂಗಡಿಸಿ ಹೆಸರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪೇಂಟರ್ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಅದೇ ಗುಂಪಿನಲ್ಲಿ ಹೆಂಡವೂ ಇದೆ, ಬೆಂಜೀನೂ ಇದೆ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಬೆಂಜೀನ್ ಮತ್ತು ಅದರ ವರ್ಗದ ವಿಷವಸ್ತುಗಳಿಂದ ಬರುವ ಕಾಯಿಲೆಗಳನ್ನು ವೃತ್ತಿಯ ಕಾಯಿಲೆ ಅಂತ ಹೆಸರಿಸಿದ್ದರು. ಟಾಲ್ವಿನ್, ಕ್ಸೈಲೀನ್ ಅದೇ ವರ್ಗದವು. ಆದರೆ ಪರಿಹಾರ ಕೇಳಬೇಕಾದರೆ ಏನು ಕೆಲಸ, ಎಷ್ಟು ವರ್ಷ, ಯಾವ ವಸ್ತು ಅನ್ನುವುದು ಎಲ್ಲಾದರೂ ಬರೆದಿರಬೇಕಲ್ಲ? ಆಸ್ಪತ್ರೆ ಕಾಗದದಲ್ಲಿ "ಕೂಲಿ" ಮತ್ತು "ಕುಡಿತ" ಎರಡೇ ಇದ್ದರೆ ಮೇಸ್ತ್ರಿಗೂ ಮಾಲೀಕನಿಗೂ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ಕುಡಿತ ಲಿವರ್‌ಗೆ ಮಾಡುವ ಹಾನಿಯ ಜೊತೆ, ಥಿನ್ನರ್ ಮಾಡಿದ ಹಾನಿಯ ಗುರುತನ್ನೂ ಅಳಿಸಿಬಿಡುತ್ತದೆ.

ನಾವು ಮಾಡಬಹುದಾದ್ದು

ಮೊದಲನೆಯದು ಗಾಳಿ. ಕಿಟಕಿ ಬಾಗಿಲು ತೆಗೆದು ಕೆಲಸ ಮಾಡಿ, ಫ್ಯಾನ್ ಇಟ್ಟು ಗಾಳಿಯನ್ನು ಹೊರಗೆ ತಳ್ಳಿ. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಕೆಲಸ ಮಾಡಿದ ಕೋಣೆಯಲ್ಲೇ ಹಾಸಿಕೊಂಡು ಮಲಗುವ ಹುಡುಗರು ಇದನ್ನು ಗಮನಿಸಬೇಕು.

ಮುಖಕ್ಕೆ ಕರ್ಚೀಫ್ ಕಟ್ಟಿದರೆ, ಕೊರೊನಾ ಕಾಲದ ಮಾಸ್ಕ್ ಹಾಕಿದರೆ ಉಪ್ಪು ಕಾಗದ ಉಜ್ಜಿದ ಧೂಳು ಸ್ವಲ್ಪ ನಿಲ್ಲಬಹುದು. ಥಿನ್ನರ್ ಆವಿ ನಿಲ್ಲುವುದಿಲ್ಲ. ಅದಕ್ಕೆ ಇದ್ದಿಲು ತುಂಬಿದ ಡಬ್ಬಿಯ ಮಾಸ್ಕ್ ಬೇಕು. ಆ ಡಬ್ಬಿಯನ್ನು ಆಗಾಗ ಬದಲಿಸಬೇಕು. ಸ್ಪ್ರೇ ಕೆಲಸಕ್ಕೆ ಅದನ್ನು ಕೊಡಿಸಿ ಅಂತ ಮೇಸ್ತ್ರಿಯನ್ನು ಕೇಳುವುದರಲ್ಲಿ ತಪ್ಪಿಲ್ಲ.

ಕೈಯನ್ನು ಥಿನ್ನರ್, ಪೆಟ್ರೋಲಿನಲ್ಲಿ ತೊಳೆಯಬೇಡಿ, ಚರ್ಮದಿಂದಲೂ ಒಳಗೆ ಹೋಗುತ್ತದೆ. ಅಡುಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ. ಬೆಲ್ಲ, ಬಾಳೆಹಣ್ಣು ತಿಂದರೆ ಬಣ್ಣದ ವಿಷ ಹೋಗುತ್ತದೆ ಅನ್ನುವುದೂ ನಂಬಿಕೆ ಅಷ್ಟೇ. ಬೆಲ್ಲ ಹೋಗುವುದು ಹೊಟ್ಟೆಗೆ, ಥಿನ್ನರ್ ಹೋಗಿರುವುದು ರಕ್ತಕ್ಕೆ.

ತಲೆನೋವಿನ ಮಾತ್ರೆ ವಿಷಯದಲ್ಲಿ ಎಚ್ಚರ. ಪ್ಯಾರಾಸಿಟಮಾಲ್‌ನ ಒಂದು ಭಾಗವನ್ನು ವಿಷವಾಗಿ ಬದಲಿಸುವುದು ಇದೇ ಚಿಕ್ಕ ಮಿಷನ್. ದಿನಾ ಕುಡಿಯುವವರು ವಾಸನೆಗೆ ತಲೆ ನೋಯುತ್ತದೆ ಅಂತ ಹೊತ್ತು ಹೊತ್ತಿಗೆ ನುಂಗುತ್ತಿದ್ದರೆ ಲಿವರ್‌ಗೆ ಮೂರನೇ ಹೊರೆ. ಇಂಥವರು ದಿನಕ್ಕೆ 2 ಗ್ರಾಂ, ಅಂದರೆ 650ರ ಮೂರು ಮಾತ್ರೆ ಮೀರಬಾರದು ಅಂತ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ನಿಮಗೆಷ್ಟು ಅಂತ ನಿಮ್ಮ ವೈದ್ಯರನ್ನೇ ಕೇಳಿ.

ಕುಡಿತ ಬಿಡುವುದು ಬೇರೆ ಮಾತು, ಸುಲಭವಲ್ಲ. ಆದರೆ ಒಂದು ಸಮಾಧಾನವಿದೆ. ನಾನು ಮೇಲೆ ಹೇಳಿದ ಅದೇ ಅಧ್ಯಯನದಲ್ಲಿ, ಕುಡಿಯುವುದು ನಿಲ್ಲಿಸಿದ ಮೂರು ದಿನಕ್ಕೇ ಕಿಣ್ವ ಇಳಿದಿತ್ತು, ಸುಮಾರು ಎಂಟು ದಿನಕ್ಕೆ ಇಳಿಯಬೇಕಾದಷ್ಟು ಇಳಿದಿತ್ತು. ಕೂರಿಸಿದ ಮಿಷನ್‌ಗಳನ್ನು ಲಿವರ್ ತಾನೇ ತೆಗೆದುಬಿಡುತ್ತದೆ. ಗಟ್ಟಿಯಾದ ಲಿವರ್ ಹಾಗೆ ವಾರದಲ್ಲಿ ಸರಿಹೋಗುವುದಿಲ್ಲ, ಆದರೆ ಈ ಒಂದು ಅಪಾಯ ಕಡಿಮೆಯಾಗಲು ಒಂದು ವಾರ ಸಾಕು. ಪೂರ್ತಿ ಬಿಡಲಾಗದವರು ಥಿನ್ನರ್ ಕೆಲಸ ಇದ್ದ ದಿನದ ಸಂಜೆಯಾದರೂ ಬಿಟ್ಟರೆ ಎರಡೂ ರಕ್ತದಲ್ಲಿ ಒಟ್ಟಿಗೆ ಸೇರುವುದು ತಪ್ಪುತ್ತದೆ.

ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಮಾತ್ರ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಕೈ ನಡುಕ, ಫಿಟ್ಸ್, ಬಡಬಡಿಕೆ ಬಂದು ಪ್ರಾಣಕ್ಕೆ ತೊಂದರೆಯಾಗಬಹುದು. ವೈದ್ಯರ ಔಷಧಿಯ ಜೊತೆ ನಿಲ್ಲಿಸಬೇಕು. 14446 ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ.

ಕಟ್ಟಡದ ಪೇಂಟರ್‌ಗಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಕಾರ್ಡ್‌ನಲ್ಲಿ ಕೆಲಸದ ಹೆಸರು ಪೇಂಟರ್ ಅಂತಲೇ ಬರೆಸಿ. ನಾಳೆ ಕಾಯಿಲೆ ಬಿದ್ದಾಗ ನೀವು ಏನು ಕೆಲಸ ಮಾಡುತ್ತಿದ್ದಿರಿ ಅನ್ನುವುದಕ್ಕೆ ಅದೊಂದು ದಾಖಲೆ.

ಕೊನೆಯದು ಮನೆಯವರಿಗೆ. ಆಸ್ಪತ್ರೆಗೆ ಹೋದಾಗ ಕುಡಿಯುವುದನ್ನು ಮುಚ್ಚಿಡಬೇಡಿ, ಡಾಕ್ಟರಿಗೆ ಅದು ಗೊತ್ತಾಗಲೇಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅವರು ಕೇಳದಿದ್ದರೂ ನೀವೇ ಹೇಳಿ: "ಸಾರ್, ಇವ್ರು ಪಾಲಿಶ್ ಕೆಲ್ಸ ಮಾಡೋದು. ಇಷ್ಟು ವರ್ಷದಿಂದ ಥಿನ್ನರ್ ವಾಸ್ನೆಲಿ ಇದ್ದಾರೆ. ಅದನ್ನೂ ಚೀಟೀಲಿ ಬರೀರಿ." ಬಳಸುವ ಡಬ್ಬಿಯ ಲೇಬಲ್ ಫೋಟೋ ಫೋನಿನಲ್ಲಿದ್ದರೆ ತೋರಿಸಿ. ಬರೆಸಿಕೊಂಡ ಚೀಟಿಯನ್ನು ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಜೋಪಾನವಾಗಿಡಿ.